ದಾಂಡೇಕರ್ ಕೇಳಿದ ಪ್ರಶ್ನೆ

ಹೂವಿನಹಡಗಲಿ ಎಂದರೆ ನಮಗೆ ಮಲ್ಲಿಗೆ. ಸಂಖ್ಯಾಶಾಸ್ತ್ರ ಓದಿದವರಿಗೆ ಅದು ಸಿ. ಆರ್. ರಾವ್ ಹುಟ್ಟಿದ ಊರು. ಹಡಗಲಿ ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಲ್ಲಿ 1920ರ ಸೆಪ್ಟೆಂಬರ್ 10ರಂದು ಪೊಲೀಸ್ ಇನ್‌ಸ್ಪೆಕ್ಟರ್ ನಾಯ್ಡು ಅವರಿಗೆ ಎಂಟನೆಯ ಮಗು ಹುಟ್ಟಿತು; ದೇವಕಿಯ ಎಂಟನೆಯವನ ನೆನಪಲ್ಲಿ ರಾಧಾಕೃಷ್ಣ ಎಂದು ಹೆಸರಿಟ್ಟರು. ತಂದೆಗೆ ವರ್ಗವಾದಂತೆಲ್ಲ ಸಂಸಾರ ಆಂಧ್ರದ ಊರೂರು ತಿರುಗಿತು. ಆದರೂ ನಮ್ಮ ಸೀಮೆಯವರು ‘ನಮ್ಮ ಹಡಗಲಿಯವರು’ ಅನ್ನುವುದನ್ನು ಬಿಟ್ಟಿಲ್ಲ. ಬಿಡಬೇಕಾಗಿಯೂ ಇಲ್ಲ.

ನಾಯ್ಡು ಮಗನ ಕೈಗೆ ಲೀಲಾವತಿಯ ಲೆಕ್ಕಗಳ ಪುಸ್ತಕ ಕೊಟ್ಟು, ದಿನಾ ಒಂದಿಷ್ಟು ಬಿಡಿಸು ಎನ್ನುತ್ತಿದ್ದರು. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಲೆಕ್ಕಗಳೆಲ್ಲ ಪದ್ಯದಲ್ಲಿವೆ. ಹಿಂಡಿನ ದುಂಬಿಗಳಲ್ಲಿ ಐದರಲ್ಲೊಂದು ಪಾಲು ಒಂದು ಹೂವಿಗೆ, ಮೂರರಲ್ಲೊಂದು ಪಾಲು ಇನ್ನೊಂದಕ್ಕೆ, ಆ ಎರಡರ ವ್ಯತ್ಯಾಸದ ಮೂರು ಪಟ್ಟು ಮತ್ತೊಂದಕ್ಕೆ ಹೋದವು, ಉಳಿದದ್ದು ಒಂದೇ. ದುಂಬಿಗಳೆಷ್ಟು? ಹದಿನೈದು. (ಕನ್ನಡದಲ್ಲಿ 12ನೆಯ ಶತಮಾನದ ರಾಜಾದಿತ್ಯನೂ ಹೀಗೆ ಗಣಿತಕ್ಕೆ ಪದ್ಯ ಕಟ್ಟಿದವನೇ.) ತಾಯಿ ಲಕ್ಷ್ಮೀಕಾಂತಮ್ಮ ನಸುಕಿನ ನಾಲ್ಕಕ್ಕೆ ಎಬ್ಬಿಸಿ, ಓದಲು ದೀಪ ಹಚ್ಚಿಡುತ್ತಿದ್ದರು.

ಎಂ.ಎ. ಮುಗಿಸಿದ ರಾವ್ ಸೇನೆಯಲ್ಲೊಂದು ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಹೋದರು. ಕೆಲಸ ಸಿಗಲಿಲ್ಲ, ಮಹಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸಿಕ್ಕಿತು. 1944ರಲ್ಲಿ ಅವರು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಮಾಡುತ್ತಿದ್ದರು. ಮಾದರಿ ಬಹಳ ದೊಡ್ಡದಿದ್ದಾಗ ಅಂದಾಜಿನ ಏರಿಳಿತ ಎಷ್ಟಕ್ಕಿಂತ ಕೆಳಗೆ ಇಳಿಯದು ಎಂಬ, ಸಂಖ್ಯಾಶಾಸ್ತ್ರಜ್ಞ ಫಿಶರರ ಫಲಿತಾಂಶವನ್ನು ಒಂದು ದಿನ ವಿವರಿಸಿದರು. ಆಗ ದಾಂಡೇಕರ್ ಎಂಬ ವಿದ್ಯಾರ್ಥಿ ಕೇಳಿದ: ಮಾದರಿ ಸಣ್ಣದಿದ್ದರೆ?

ರಾವ್ ಮನೆಗೆ ಹೋಗಿ ರಾತ್ರಿಯಿಡೀ ಕೂತರು. ಸಣ್ಣ ಮಾದರಿಗೂ ಅಂಥ ಮಿತಿ ಇದೆ ಎಂದು ಮರುದಿನ ಅದೇ ತರಗತಿಯಲ್ಲಿ ಸಾಧಿಸಿ ತೋರಿಸಿದರು.

ಹಡಗಲಿಯ ಕೆಲವು ಮಲ್ಲಿಗೆ ತೋಟಗಳನ್ನು ಆರಿಸಿ, ಮೊಗ್ಗು ತೂಗಿ, ತಾಲ್ಲೂಕಿನ ಸರಾಸರಿ ಇಳುವರಿಯನ್ನು ಅಂದಾಜು ಮಾಡಿದಿರೆನ್ನಿ. ಬೇರೆ ತೋಟಗಳನ್ನು ಆರಿಸಿದ್ದರೆ ಉತ್ತರ ಸ್ವಲ್ಪ ಬೇರೆಯಾಗುತ್ತಿತ್ತು. ಸರಾಸರಿಯಲ್ಲಿ ಅತ್ತಿತ್ತ ವಾಲದ ಸೂತ್ರ ಎಷ್ಟೇ ಜಾಣತನದ್ದಾದರೂ ಈ ಏರಿಳಿತವನ್ನು ಒಂದು ಮಿತಿಗಿಂತ ಕೆಳಗೆ ತರಲಾರದು. ಆ ಮಿತಿ ಎಷ್ಟೆಂಬುದು ತೂಗಿದ ಅಂಕಿಗಳಲ್ಲಿ ಎಷ್ಟು ಮಾಹಿತಿ ಅಡಗಿದೆ ಎಂಬುದರ ಮೇಲೆ ನಿಂತಿದೆ. ಸಾಮಾನ್ಯವಾಗಿ ತಪ್ಪನ್ನು ಅರ್ಧಕ್ಕೆ ಇಳಿಸಬೇಕೆಂದರೆ ನಾಲ್ಕು ಪಟ್ಟು ತೋಟ ತೂಗಲೇಬೇಕು, ಅಡ್ಡದಾರಿಯಿಲ್ಲ. ರಾವ್ ಬಳಸಿದ್ದು ಕೋಶಿ–ಶ್ವಾರ್ಟ್ಸ್ ಅಸಮತೆಯನ್ನು, ಅಂದರೆ ಪದವಿ ತರಗತಿಯ ಸಾಮಗ್ರಿಯನ್ನು. ಇಷ್ಟು ಸುಲಭವಿತ್ತೇ ಅನ್ನಿಸುವುದು ಒಬ್ಬರು ಕೇಳಿ, ಇನ್ನೊಬ್ಬರು ಬಿಡಿಸಿದ ಮೇಲೆ.

1945ರಲ್ಲಿ ಅದು ಕಲ್ಕತ್ತ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಸ್ವೀಡನ್ನಿನ ಹರಾಲ್ಡ್ ಕ್ರಾಮರ್ ಸ್ವತಂತ್ರವಾಗಿ ಅದನ್ನೇ ಕಂಡು 1946ರ ತಮ್ಮ ಪುಸ್ತಕದಲ್ಲಿ ಬರೆದರು. ಜೋಡಿ ಹೆಸರು ‘ಕ್ರಾಮರ್–ರಾವ್’ ನಿಂತಿತು. ರಾವ್ 2023ರಲ್ಲಿ, 102ನೆಯ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದು ಅದೇ ವರ್ಷ ತೀರಿಕೊಂಡರು. ವಿ. ಎಂ. ದಾಂಡೇಕರ್ ಅರ್ಥಶಾಸ್ತ್ರದ ಕಡೆ ಹೊರಳಿ, ನೀಲಕಂಠ ರಥ್ ಜೊತೆ 1971ರಲ್ಲಿ ಭಾರತದ ಬಡತನದ ಲೆಕ್ಕ ಹಾಕಿದರು. ಸೂತ್ರದ ಹೆಸರಿನಲ್ಲಿ ಅವರಿಲ್ಲ. ರಾವ್ ಮಾತ್ರ ಆ ರಾತ್ರಿಯ ಕತೆ ಹೇಳುವಾಗ ಅವರನ್ನು ಹೆಸರಿಸಿಯೇ ಹೇಳುತ್ತಿದ್ದರು.