ಜೈಲಿಂದ ಬಿಟ್ಟ ಮೇಲೆ ಕೋವಿ ವಾಪಸ್ ಸಿಗ್ತದಾ? ಕೇರಳ ಗಡಿ ದಾಟಿಸಬಹುದಾ? ಇಲ್ಲಿದೆ ವಿವರ

ಸುಳ್ಯ: ಮೊನ್ನೆ ಪೇಟೆಯ ಅಡಿಕೆ ಅಂಗಡಿಯೊಂದರಲ್ಲಿ ಕೂತಿದ್ದಾಗ ಗಡಿ ಭಾಗದ ಕೃಷಿಕರೊಬ್ಬರು ಒಂದಲ್ಲ, ಎರಡು ಪ್ರಶ್ನೆ ಕೇಳಿದರು. ಜಾಗದ ತಕರಾರಿನ ಹೊಡೆದಾಟದಲ್ಲಿ ಅವರ ತಮ್ಮನಿಗೆ ಜೈಲು ಶಿಕ್ಷೆ ಆಗಿತ್ತು. ಸನ್ನಡತೆ ಅಂತ ಅವಧಿಗೆ ಮೊದಲೇ ಬಿಟ್ಟಿದ್ದಾರೆ. ಕೋವಿ ಠಾಣೆಯಲ್ಲಿದೆ, ತೋಟದಲ್ಲಿ ಮಂಗ, ಹಂದಿಯ ಕಾಟ. "ಸರ್ಕಾರವೇ ಕ್ಷಮಿಸಿ ಬಿಟ್ಟ ಮೇಲೆ ಕೋವಿ ಕೊಡ್ಲಿಕ್ಕೆ ಏನು ಕಷ್ಟ ಮಾರಾಯಾ?" ಅಂದ್ರು. ಎರಡನೇದು, ಆಡೂರು ಕಡೆ ತಮ್ಮನ ಹೆಂಡತಿ ಮನೆ. ಅಲ್ಲೂ ಹಂದಿ ಕಾಟ, ಕೋವಿ ತೆಗೆದುಕೊಂಡು ಹೋಗಬಹುದಾ?

ಅಂಗಡಿಯಲ್ಲಿದ್ದ ನಾಲ್ಕು ಜನ ನಾಲ್ಕು ಉತ್ತರ ಕೊಟ್ಟರು. ಅದರಲ್ಲಿ ಎರಡು ಉತ್ತರ ನಂಬಿದ್ರೆ ಅವರ ತಮ್ಮ ಮತ್ತೆ ಒಳಗೆ ಹೋಗ್ತಿದ್ದರು. ಅದಕ್ಕೇ ಈ ಬರಹ.

ಮೊದಲಿಗೆ, 'ಕ್ಷಮಿಸಿ ಬಿಟ್ಟರು' ಅನ್ನುವುದೇ ತಪ್ಪು. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನದ ಹೊತ್ತಿಗೆ ಸನ್ನಡತೆಯ ಕೈದಿಗಳನ್ನು ಬಿಡುವುದು, ಜೈಲಲ್ಲಿ ಕೆಲಸ ಮಾಡಿದ್ದಕ್ಕೆ ದಿನ ಕಡಿತ ಮಾಡುವುದು ಎಲ್ಲ ಶಿಕ್ಷೆಯ ಕಡಿತ ಅಷ್ಟೇ. ಕ್ಷಮಾದಾನ ಬೇರೆಯೇ. ಅದನ್ನು ಕೊಡುವವರು ಸಂವಿಧಾನದ 72ನೇ ವಿಧಿಯಲ್ಲಿ ರಾಷ್ಟ್ರಪತಿ, 161ನೇ ವಿಧಿಯಲ್ಲಿ ರಾಜ್ಯಪಾಲರು. ನಮ್ಮ ತಾಲೂಕಿನಲ್ಲಿ ಹುಡುಕಿದರೂ ಅಂಥ ಆದೇಶ ಕೈಯಲ್ಲಿ ಇರುವವರು ಸಿಗಲಿಕ್ಕಿಲ್ಲ.

ಎಲ್ಲರಿಗೂ ಗೊತ್ತಿರುವ ಉದಾಹರಣೆ ನಟ ಸಂಜಯ್ ದತ್. ಅಕ್ರಮವಾಗಿ ಬಂದೂಕು ಇಟ್ಟುಕೊಂಡದ್ದಕ್ಕೆ ಸುಪ್ರೀಂ ಕೋರ್ಟ್ 2013ರಲ್ಲಿ 5 ವರ್ಷದ ಶಿಕ್ಷೆ ಖಾಯಂ ಮಾಡಿತು. ಅವರಿಗೆ ಕ್ಷಮಾದಾನ ಕೊಡಿ ಅಂತ ಹೋದ ಅರ್ಜಿಯನ್ನು ಮಹಾರಾಷ್ಟ್ರ ರಾಜ್ಯಪಾಲರು 2015ರಲ್ಲಿ ತಿರಸ್ಕರಿಸಿದರು. ಆದರೂ 2016ರ ಫೆಬ್ರವರಿಯಲ್ಲಿ ಅವಧಿಗೆ ಮೊದಲೇ ಯೆರವಡಾ ಜೈಲಿಂದ ಹೊರಗೆ ಬಂದರು. ಬಂದದ್ದು ದಿನ ಕಡಿತದಿಂದ, ಕ್ಷಮಾದಾನದಿಂದ ಅಲ್ಲ. ಮುನ್ನಾಭಾಯಿಗೇ ಸಿಗದ್ದು ನಮಗೆ ಸಿಕ್ಕಿದೆ ಅಂತ ಅಂದುಕೊಳ್ಳುವುದು ಬೇಡ.

ಕಡಿತ ಆದ್ರೆ ಅಪರಾಧಿ ಅನ್ನುವ ತೀರ್ಪು ಅಳಿಸಿ ಹೋಗುವುದಿಲ್ಲ. ಅಸ್ಸಾಂನ ಚುನಾವಣಾ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. 3 ವರ್ಷ ಶಿಕ್ಷೆಯಾದ ಒಬ್ಬರನ್ನು ಸರ್ಕಾರ ಬೇಗ ಬಿಟ್ಟಿತ್ತು, ಅವರು ಚುನಾವಣೆಗೆ ನಾಮಪತ್ರ ಹಾಕಿದ್ದರು. ಸರ್ಕಾರ ಬೇಗ ಬಿಟ್ಟರೂ ಕೋರ್ಟು ಕೊಟ್ಟ ಶಿಕ್ಷೆ 3 ವರ್ಷವೇ ಅಂತ ತೀರ್ಪಾಯಿತು, ನಾಮಪತ್ರ ತಿರಸ್ಕಾರವಾದದ್ದು ಸರಿ ಅಂತಾಯಿತು.

ಈಗ ಕೋವಿಗೆ ಬರೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಸೆಕ್ಷನ್ ಹೇಳುವುದಿಷ್ಟು: ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಎಷ್ಟೇ ಅವಧಿಯ ಜೈಲು ಶಿಕ್ಷೆ ಆದವರು, ಶಿಕ್ಷೆ ಮುಗಿದು 5 ವರ್ಷ ಆಗುವವರೆಗೆ ಕೋವಿ ಖರೀದಿಸುವ ಹಾಗಿಲ್ಲ, ಹತ್ತಿರ ಇಟ್ಟುಕೊಳ್ಳುವ ಹಾಗಿಲ್ಲ, ಹಿಡಿದು ತಿರುಗುವ ಹಾಗೂ ಇಲ್ಲ. 'ಎಷ್ಟೇ ಅವಧಿ' ಅನ್ನುವುದನ್ನು ಗಮನಿಸಿ. ಹೊಡೆದಾಟದ ಕೇಸಲ್ಲಿ 3 ತಿಂಗಳು ಆಗಿದ್ದರೂ ಇದು ಅನ್ವಯ. ಬರೀ ದಂಡ ಕಟ್ಟಿ ಬಂದವರಿಗೆ ಈ 5 ವರ್ಷದ ನಿಷೇಧ ಇಲ್ಲ.

5 ವರ್ಷ ಎಲ್ಲಿಂದ ಲೆಕ್ಕ? ನನ್ನ ಪ್ರಕಾರ ಅಸ್ಸಾಂ ಕೇಸಿನ ತೀರ್ಪು ನೋಡಿದರೆ ಬಿಡುಗಡೆಯಾದ ದಿನದಿಂದ ಅಲ್ಲ, ಕೋರ್ಟು ಕೊಟ್ಟ ಪೂರ್ತಿ ಅವಧಿ ಮುಗಿಯುವ ದಿನದಿಂದ ಲೆಕ್ಕ ಹಾಕುವುದೇ ಕ್ಷೇಮ. 2020ರ ಜನವರಿಯಲ್ಲಿ 3 ವರ್ಷಕ್ಕೆ ಒಳಗೆ ಹೋಗಿ 2022ಕ್ಕೆ ಬಂದವರು 2028ರ ಜನವರಿವರೆಗೆ ಕಾಯುವುದು ಒಳ್ಳೆಯದು. ಒಂದು ವರ್ಷ ತಡವಾದರೆ ಹಂದಿ ನಾಲ್ಕು ಬುಡ ತಿನ್ನಬಹುದು, ಕೇಸಾದರೆ ತೋಟವೇ ಹೋಗ್ತದೆ.

ಕಾದ ಮೇಲೂ ಕೋವಿ ತಾನಾಗಿ ಬರುವುದಿಲ್ಲ. ಹೊಸದಾಗಿ ಅರ್ಜಿ, ಮತ್ತೆ ಪೊಲೀಸ್ ವರದಿ. ಲೈಸನ್ಸ್ ಕೊಡುವ ಅಧಿಕಾರಿ ನಮ್ಮಲ್ಲಿ ಜಿಲ್ಲಾಧಿಕಾರಿ. ಅರ್ಜಿದಾರ ಯಾವುದೇ ಕಾರಣಕ್ಕೆ ಯೋಗ್ಯನಲ್ಲ ಅನ್ನಿಸಿದರೆ 14ನೇ ಸೆಕ್ಷನ್‌ನಲ್ಲಿ ನಿರಾಕರಿಸಬಹುದು. ಅದಕ್ಕೆ ಮೇಲ್ಮನವಿ ಹಾಕಲು ಅವಕಾಶ ಉಂಟು. ರಾಜ್ಯಪಾಲರ ಕ್ಷಮಾದಾನವೇ ಸಿಕ್ಕಿದ್ದರೂ ಈ ಮೆಟ್ಟಿಲು ತಪ್ಪುವುದಿಲ್ಲ, ಯಾಕಂದ್ರೆ ಕ್ಷಮಾದಾನ ಶಿಕ್ಷೆಗೆ ಸಂಬಂಧಪಟ್ಟದ್ದು, ಲೈಸನ್ಸ್ ಜಿಲ್ಲಾಧಿಕಾರಿ ಕೊಡುವ ಬೇರೆ ಕಾಗದ. ಅರ್ಜಿಯಲ್ಲಿ ಹಳೇ ಕೇಸು ಮುಚ್ಚಿಡಬೇಡಿ. ಮುಚ್ಚಿಟ್ಟು ಪಡೆದ ಲೈಸನ್ಸನ್ನು ಅದೇ ಕಾರಣಕ್ಕೆ ರದ್ದು ಮಾಡಬಹುದು.

ಅಪೀಲಿನಲ್ಲಿ ಖುಲಾಸೆ ಆದವರ ಕಥೆ ಬೇರೆ. ಅವರಿಗೆ ಶಿಕ್ಷೆಯೇ ಇಲ್ಲ ಅಂತ ಲೆಕ್ಕ. ತೀರ್ಪಿನ ದೃಢೀಕೃತ ನಕಲು ಇಟ್ಟು ಅರ್ಜಿ ಹಾಕಿ. ಆದರೆ ಅಪೀಲು ಹಾಕಿ ಶಿಕ್ಷೆ ಅಮಾನತಿನಲ್ಲಿದೆ, ಜಾಮೀನಲ್ಲಿ ಹೊರಗಿದ್ದೇನೆ ಅನ್ನುವುದು ಖುಲಾಸೆ ಅಲ್ಲ. ಇನ್ನೊಂದು, ಶಾಂತಿ ಕಾಪಾಡಲು ಮುಚ್ಚಳಿಕೆ ಬರೆದುಕೊಡಿ ಅಂತ ಆದೇಶವಾದವರು (ನಮ್ಮ ಬಾಯಲ್ಲಿ '107 ಕೇಸು') ಆ ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಇದು ಸುಮಾರು ಜನಕ್ಕೆ ಗೊತ್ತೇ ಇಲ್ಲ.

ಅಂಗಡಿಯಲ್ಲಿ ಕೇಳಿದ ಅತಿ ಅಪಾಯದ ಸಲಹೆ ಅಂದ್ರೆ "ಅಣ್ಣನ ಹೆಸರಲ್ಲಿ ಲೈಸನ್ಸ್ ಉಂಟಲ್ಲ, ತಮ್ಮ ಅದನ್ನೇ ಹಿಡಿದುಕೊಂಡು ತೋಟ ಕಾಯಲಿ". ಬೇಡವೇ ಬೇಡ. ಲೈಸನ್ಸ್ ಇದ್ದವರ ಎದುರಲ್ಲಿ ಅಥವಾ ಅವರ ಲಿಖಿತ ಒಪ್ಪಿಗೆಯಿಂದ ಇನ್ನೊಬ್ಬರು ಕೋವಿ ಒಯ್ಯಲು ಕಾಯ್ದೆ ಬಿಡುವುದು ರಿಪೇರಿಗೆ, ನವೀಕರಣಕ್ಕೆ, ಇಲ್ಲಾ ಆ ಲೈಸನ್ಸುದಾರರೇ ಬಳಸಲಿಕ್ಕೆ ಮಾತ್ರ. ಲೈಸನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ 2019ರ ತಿದ್ದುಪಡಿ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಅಣ್ಣನ ಲೈಸನ್ಸೂ ಹೋಗಬಹುದು.

ಇನ್ನು ಗಡಿ. ಲೈಸನ್ಸ್ ಪುಸ್ತಕ ತೆಗೆದು ಎಲ್ಲಿಯವರೆಗೆ ಮಾನ್ಯ ಅಂತ ಬರೆದದ್ದನ್ನು ನೋಡಿ. ಜಿಲ್ಲೆ ಅಂತ ಇದ್ದರೆ ಜಿಲ್ಲೆ, ಕರ್ನಾಟಕ ಅಂತ ಇದ್ದರೆ ಕರ್ನಾಟಕ. ಜಾಲ್ಸೂರು ದಾಟಿ ಆಡೂರು, ಮುಳ್ಳೇರಿಯ ಕಡೆ ಹೋದರೆ ಅದು ಕಾಸರಗೋಡು ಜಿಲ್ಲೆ, ಬೇರೆ ರಾಜ್ಯ. ಅಲ್ಲಿ ನಮ್ಮ ಜಿಲ್ಲೆಯ ಲೈಸನ್ಸ್ ಬರೀ ಕಾಗದ. ವ್ಯಾಪ್ತಿ ಹೆಚ್ಚಿಸಬೇಕಿದ್ದರೆ ಹೋಗುವ ಮೊದಲೇ ಕಾರಣ ಬರೆದು ಅರ್ಜಿ ಕೊಟ್ಟು, ಲಿಖಿತ ಅನುಮತಿ ಪಡೆಯಬೇಕು. "ಬರೀ 10 ಕಿಲೋಮೀಟರ್", "ತೋಟೆ ತುಂಬಿರಲಿಲ್ಲ" ಅಂತ ಚೆಕ್‌ಪೋಸ್ಟಿನಲ್ಲಿ ಹೇಳಿದ್ರೆ ನಡೆಯುವುದಿಲ್ಲ.

ಕೇರಳದಲ್ಲಿ 2022ರಿಂದ ಬೆಳೆ ಹಾಳು ಮಾಡುವ ಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರ ಪಂಚಾಯತಿಗೆ ಸಿಕ್ಕಿದೆ. ಅಲ್ಲಿಯ ನೆಂಟರು ಕರೆಯುವುದು ಇದೇ ಧೈರ್ಯದಲ್ಲಿ. ಪಂಚಾಯತಿ ಕೊಡುವುದು ಹಂದಿಯ ಬಗ್ಗೆ ಅನುಮತಿ, ನಮ್ಮ ಕೋವಿಯ ಬಗ್ಗೆ ಅಲ್ಲ. ಅಲ್ಲಿ ಮಾನ್ಯವಾದ ಲೈಸನ್ಸ್ ಇರುವ ಅಲ್ಲಿಯವರನ್ನೇ ಕರೆಸುವುದು ದಾರಿ. ಪಕ್ಕದ ಕೊಡಗನ್ನು ತೋರಿಸಿ "ಅವರಿಗೆ ಲೈಸನ್ಸೇ ಬೇಡ" ಅನ್ನುವವರೂ ಇದ್ದಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ, ಅದೂ 2029ರವರೆಗೆ. ಸಂಪಾಜೆ ದಾಟಿ ಈಚೆ ಇರುವ ನಮಗೆ ಅನ್ವಯಿಸುವುದಿಲ್ಲ.

ಹುಡುಗರು ಅಮೆರಿಕದ ರೀಲ್ಸ್ ನೋಡಿ ಹೇಳುವುದೂ ಉಂಟು. ಅಲ್ಲಿ ಬಂದೂಕು ಸಂವಿಧಾನ ಕೊಟ್ಟ ಹಕ್ಕು. ಪೂರ್ತಿ ಕ್ಷಮಾದಾನ ಸಿಕ್ಕಿದರೆ, ಅದರಲ್ಲೇ ಬಂದೂಕು ಬೇಡ ಅಂತ ಬರೆದಿಲ್ಲದಿದ್ದರೆ, ಕೇಂದ್ರ ಕಾಯ್ದೆ ಆ ಹಳೇ ಶಿಕ್ಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗುಂಡು ತೆಗೆದು, ಕೈಗೆ ಸಿಗದ ಹಾಗೆ ಇಟ್ಟು ರಾಜ್ಯಗಳನ್ನು ದಾಟಲು 1986ರ ಕಾಯ್ದೆಯಲ್ಲಿ ರಕ್ಷಣೆಯೂ ಇದೆ, ಹೊರಟ ಕಡೆ ಮತ್ತು ತಲುಪುವ ಕಡೆ ಎರಡೂ ಕಾನೂನುಬದ್ಧವಾಗಿದ್ದರೆ. ನಮ್ಮಲ್ಲಿ ಕೋವಿ ಹಕ್ಕಲ್ಲ, ಅನುಮತಿ.

ಆ ಕೃಷಿಕರಿಗೆ ಇಷ್ಟು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಗಾದ್ರೆ ಠಾಣೆಯಲ್ಲಿರುವ ಕೋವಿ?" ಅಂದ್ರು. ಅದು ಸದ್ಯಕ್ಕೆ ಅಲ್ಲೇ ಇರಲಿ, ಜಮಾ ಮಾಡಿದ ರಶೀದಿ ಮಾತ್ರ ಕಳಕೊಳ್ಳಬೇಡಿ.