ಗರ್ಭಕೋಶ ತೆಗೆದರೆ ತಲೆನೋವು ಹೋದೀತೇ?

ಮುಟ್ಟಿಗೆ 2 ದಿನ ಮುಂಚೆಯೇ ಅರೆತಲೆನೋವು, ವಾಂತಿ; ಬೆಳಕು ಕಂಡರಾಗದು. 'ಗರ್ಭಕೋಶವನ್ನೇ ತೆಗೆಸಿಬಿಟ್ಟರೆ?' ಎಂದು ಎಷ್ಟೋ ತಾಯಂದಿರು ಯೋಚಿಸುವುದುಂಟು.

ಆದರೆ ನೋವಿನ ಮೂಲ ಅಲ್ಲಿಲ್ಲ. ಅಂಡಾಶಯಗಳು ಸ್ರವಿಸುವ ಈಸ್ಟ್ರೋಜನ್ ಹಾರ್ಮೋನು ಮುಟ್ಟಿನ ಮುನ್ನ ಇಳಿಯುವುದೇ ಇದಕ್ಕೆ ಪ್ರಚೋದನೆ. ಗರ್ಭಕೋಶ ತೆಗೆದರೆ ಸ್ರಾವ ನಿಂತೀತು. ಅಂಡಾಶಯಗಳಿದ್ದರೆ ಹಾರ್ಮೋನಿನ ಏರಿಳಿತ ನಿಲ್ಲದು. ಅವನ್ನೂ ತೆಗೆದರೆ ಈಸ್ಟ್ರೋಜನ್ ಒಮ್ಮೆಲೇ ಕುಸಿದು ನೋವು ಉಲ್ಬಣಿಸಬಹುದು. 1993ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ಸಹಜವಾಗಿ ಮುಟ್ಟು ನಿಂತವರ ಪೈಕಿ ಮೂವರಲ್ಲಿ ಇಬ್ಬರಿಗೆ ಅರೆತಲೆನೋವು ತಗ್ಗಿತ್ತು. ಶಸ್ತ್ರಚಿಕಿತ್ಸೆಯಿಂದ ನಿಂತವರಲ್ಲಿ ಅಷ್ಟೇ ಪಾಲು ಮಂದಿಗೆ ಹೆಚ್ಚಿತ್ತು.

ಮುಟ್ಟಿನ ದಿನ, ನೋವಿನ ದಿನಗಳನ್ನು 3 ತಿಂಗಳು ಕ್ಯಾಲೆಂಡರಿನಲ್ಲಿ ಗುರುತಿಸಿ ವೈದ್ಯರಿಗೆ ತೋರಿಸಿ. ಆ ಕೆಲವು ದಿನಗಳಿಗೆಂದೇ ಕೊಡುವ ಔಷಧಗಳಿವೆ. ಅಮ್ಮನ ಈ ಲೆಕ್ಕ ಬರೆದಿಡಲು ಮಕ್ಕಳೂ ನೆರವಾಗಬಹುದು.