ಮಂಡಿ ಹೊಸದು, ಮಾತ್ರೆ ಜೋಕೆ!

ಮಂಡಿ ಬದಲಾಯಿಸುವ ಆಪರೇಷನ್ ಮುಗಿಸಿ ಮನೆಗೆ ಬಂದವರಿಗೆ ನೋವು ತಪ್ಪಿದ್ದಲ್ಲ. ಸವೆದ ಮೂಳೆ ಕೊಯ್ದು ಲೋಹದ ಕೀಲು ಕೂರಿಸಿದ ಮೇಲೆ ಕಾಲು ಊದುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ವಾರಗಟ್ಟಲೆ ಇದೇ ಪಾಡು. ಆಗ ಪಕ್ಕದ ಮನೆಯವರ ಸಲಹೆ ಸಿದ್ಧ: "ಆ ಸಣ್ಣ ಮಾತ್ರೆ ತಗೊಳ್ಳಿ ಅಜ್ಜಿ, ಬೆಳಿಗ್ಗೆ ಎದ್ದು ಓಡಾಡ್ತೀರಿ!"

ಆ ಸಣ್ಣ ಮಾತ್ರೆಯೇ ಸ್ಟಿರಾಯ್ಡ್. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಅದರ ಹೆಸರುಗಳು. ಬೆಲೆ ಅಗ್ಗ. ಡಾಕ್ಟರ ಚೀಟಿ ಇಲ್ಲದೆ ಮಾರಕೂಡದೆಂದು ಕಾನೂನಿದೆ. ಆದರೆ ಮೆಡಿಕಲ್ ಷಾಪಿನಲ್ಲಿ ಚೀಟಿ ಕೇಳುವವರೆಷ್ಟು ಮಂದಿ?

ಮದ್ದಿನ ಗುಣ ಸುಳ್ಳಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ಫಿಲಿಪ್ ಹೆಂಚ್ ಕೀಲುವಾತದ ಹೆಂಗಸೊಬ್ಬಳಿಗೆ ಕಾರ್ಟಿಸೋನ್ ಕೊಡಿಸಿದಾಗ, ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ಹೆಂಚ್ ಸೇರಿ ಮೂವರಿಗೆ ನೊಬೆಲ್ ಬಂತು. ಡೆನ್ಮಾರ್ಕಿನಲ್ಲಿ 485 ಮಂಡಿ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ 2022ರಲ್ಲಿ ಪ್ರಕಟವಾಯಿತು. ಆಪರೇಷನ್ ವೇಳೆ ಒಂದು, 24 ಗಂಟೆ ಬಿಟ್ಟು ಇನ್ನೊಂದು ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಪಡೆದವರಿಗೆ ಮಾರ್ಫಿನ್ ಕಡಿಮೆ ಸಾಕಾಯಿತು. ಗಮನಿಸಬೇಕಾದ್ದು ಇಷ್ಟೆ: ಎರಡೇ ಡೋಸು, ಅದೂ ಆಸ್ಪತ್ರೆಯಲ್ಲಿ, ಡಾಕ್ಟರ ಕಣ್ಣೆದುರು.

ಮನೆಯಲ್ಲಿ ತಿಂಗಳುಗಟ್ಟಲೆ ನುಂಗುವ ಕಥೆಯೇ ಬೇರೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಸರ್ರನೆ ಏರುತ್ತದೆ. ಬೇರೆ ನೋವಿನ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ. ಮೂಳೆ ಟೊಳ್ಳಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಭಯ ಕೀವಿನದು. ಸ್ಟಿರಾಯ್ಡ್ ಮೈಯ ಕಾವಲು ಸಡಿಲಿಸುತ್ತದೆ, ಜ್ವರ ಬಾವುಗಳನ್ನೂ ಅಡಗಿಸುತ್ತದೆ. ಒಳಗೆ ಲೋಹಕ್ಕೆ ಸೋಂಕು ಅಂಟಿದರೂ ಹೊರಗೆ ಗೊತ್ತಾಗುವುದು ತಡ. ಗೊತ್ತಾಗುವಷ್ಟರಲ್ಲಿ ಮಂಡಿ ಮತ್ತೆ ಬಿಚ್ಚಬೇಕಾದೀತು. ಲಕ್ಷಗಟ್ಟಲೆ ಸುರಿದ ಮನೆಯವರು ಆಗ ಎಲ್ಲಿಗೆ ಹೋಗಬೇಕು?

ಹಾಗಂತ ಬಹುದಿನದಿಂದ ನುಂಗುತ್ತಿದ್ದವರು ಇವತ್ತೇ ಬಿಸಾಡುವುದೂ ಅಪಾಯ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ತನ್ನ ಪಾಲಿನ ಕೆಲಸ ನಿಲ್ಲಿಸಿಬಿಟ್ಟಿರುತ್ತದೆ. ಮಾತ್ರೆ ದಿಢೀರನೆ ನಿಂತರೆ ವಾಂತಿ, ಸುಸ್ತು, ರಕ್ತದೊತ್ತಡ ಕುಸಿತ. ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಆಸ್ತಮಾಕ್ಕೋ ವಾತಕ್ಕೋ ಈ ಮಾತ್ರೆ ತಗೊಳ್ಳುವವರು ಆಪರೇಷನ್ನಿಗೆ ಮೊದಲೇ ಬಾಯಿಬಿಟ್ಟು ಹೇಳಬೇಕು.

ನೋವಿಗೆ ಡಾಕ್ಟರು ಬರೆದ ಮಾತ್ರೆ, ಬಟ್ಟೆಯಲ್ಲಿ ಸುತ್ತಿದ ಐಸು, ಹೇಳಿಕೊಟ್ಟ ವ್ಯಾಯಾಮ ಇದ್ದೇ ಇದೆ. ಗಾಯ ಸೋರಿದರೆ, ನೋವು ಇಳಿಯುವ ಬದಲು ಏರಿದರೆ ಓಡಬೇಕಾದ್ದು ಆಪರೇಷನ್ ಮಾಡಿದವರ ಹತ್ತಿರ, ಮೆಡಿಕಲ್ ಷಾಪಿಗಲ್ಲ.